ಎರೆ ಹಾಕದ ಗಾಳ

ಗಾಳಕ್ಕೆ ಎರೆ ಇಲ್ಲ ಎಂಬುದು ಹೊಂಡದ ಮೀನುಗಳಿಗೆ ಗೊತ್ತಿತ್ತು, ಮಂಗೇಶನಿಗೆ ಗೊತ್ತಿತ್ತು. ಅತ್ತ ಕಲ್ಲಿನ ಮೆಟ್ಟಿಲ ಮೇಲೆ ಛತ್ರಿ ಬಿಡಿಸಿಕೊಂಡು ಕೂತ ಪುಟ್ಟುವಿಗೆ ಮಾತ್ರ ಗೊತ್ತಾಗಬಾರದೆಂದು ಅವನು ಪ್ರತಿ ಮಂಗಳವಾರ ಒಂದು ಸಣ್ಣ ನಾಟಕ ಆಡುತ್ತಿದ್ದ. ಖಾಲಿ ಡಬ್ಬಿಯ ಮುಚ್ಚಳ ತೆಗೆದು, ಒಳಗೆ ಬೆರಳಾಡಿಸಿ ಇಲ್ಲದ ಹಿಟ್ಟನ್ನು ನಾದಿ, ಇಲ್ಲದ ಉಂಡೆಯನ್ನು ಗಾಳದ ಮೊನೆಗೆ ಒತ್ತಿ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ರಾಡನ್ನು ಹೆಗಲ ಹಿಂದಕ್ಕೆ ಒಯ್ದು ಬೀಸುವುದು. ಸೀಸದ ಗುಂಡು ಹೊಂಡದ ನಡುವೆ ಗುಳುಂ ಎಂದ ಮೇಲೆ ದಾರ ಬಿಗಿಯಾಗುವಷ್ಟು ರೀಲು ಸುತ್ತಿ, ರಾಡನ್ನು ಕವಲುಕೋಲಿನ ಮೇಲಿಟ್ಟು, ಮೀನು ಕಚ್ಚಿದರೆ ನುಡಿಯಲೆಂದು ಅದರ ತುದಿಗೆ ಕಟ್ಟಿದ ಒಂಟಿ ಗೆಜ್ಜೆಯನ್ನು ಬೆರಳಲ್ಲಿ ಮುಟ್ಟಿ ಸುಮ್ಮನಾಗಿಸುವುದು. ಆಮೇಲೆ ಸಂಜೆಯ ತನಕ ಅವನಿಗೆ ಬೇರೆ ಕೆಲಸವಿರಲಿಲ್ಲ. ಮೀನು ಬರಬಾರದು, ಅಷ್ಟೇ. ಜಗತ್ತಿನಲ್ಲಿ ಮೀನು ಬರಬಾರದೆಂದು ಹೀಗೆ ಕಣ್ಣಲ್ಲಿ ಕಣ್ಣಿಟ್ಟು ಗಾಳ ಕಾಯುವ ಮನುಷ್ಯ ತಾನೊಬ್ಬನೇ ಇರಬೇಕು ಎಂದುಕೊಂಡು ಅವನಿಗೆ ಒಮ್ಮೊಮ್ಮೆ ನಗು ಬರುತ್ತಿತ್ತು. ಆ ನಗುವನ್ನು ಹಂಚಿಕೊಳ್ಳಲು ಪಕ್ಕಕ್ಕೆ ತಿರುಗಿದರೆ ಅಲ್ಲಿ ಕಲ್ಲಿನ ಮೇಲೆ ಹಾಸಿದ ನೀಲಿ ಗೀರಿನ ಟವೆಲು ಮಾತ್ರ ಇರುತ್ತಿತ್ತು.

ಅವರ್ಸಾದ ಗುಡ್ಡದ ಮೈಯಲ್ಲಿ ಕೆಂಪುಕಲ್ಲು ಕಡಿದು ಕಡಿದು, ಕಲ್ಲು ಮುಗಿದ ಮೇಲೆ ಬಿಟ್ಟುಹೋದ ಹೊಂಡ ಅದು. ಗೋಡೆಗಳ ಮೇಲೆ ಯಂತ್ರದ ಗೀರುಗಳು ಇನ್ನೂ ಹಾಗೇ ಇದ್ದವು, ಯಾರೋ ದೊಡ್ಡ ಬಾಚಣಿಕೆಯಿಂದ ಗುಡ್ಡದ ತಲೆ ಬಾಚಿ ಬೈತಲೆ ತೆಗೆದ ಹಾಗೆ. ಮಳೆನೀರು ತುಂಬಿ, ಅದರಲ್ಲಿ ಯಾರೋ ಕಾಟ್ಲಾ, ಗೆಂಡೆ ಮರಿಗಳನ್ನು ಬಿಟ್ಟು, ಮರಿಗಳು ಈಗ ಮೊಮ್ಮಕ್ಕಳನ್ನು ಕಂಡಿದ್ದವು. ದಂಡೆಯ ಮೇಲೆ ನಿಂತರೆ ಹೈವೇಯ ಆಚೆ ಸಮುದ್ರ ಒಂದು ಪಟ್ಟಿಯಾಗಿ ಹೊಳೆಯುತ್ತಿತ್ತು. ಸಮುದ್ರ ಅಷ್ಟು ಹತ್ತಿರ ಇರುವಾಗ ಹೊಂಡದ ನೀರಿಗೆ ಗಾಳ ಹಾಕಿ ಕೂರುವವರನ್ನು ಈ ಕಡೆಯ ಜನ ಮನುಷ್ಯರ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೆಂಡತಿ ಹೀರಾ ಮೊದಲ ದಿನವೇ ಹೇಳಿಬಿಟ್ಟಿದ್ದಳು, "ಬಂಗಡೆ ತನ್ನಿ, ಶೆಟ್ಲಿ ತನ್ನಿ, ಆ ಕೆಸರು ತಿಂದ ಮೀನು ಮಾತ್ರ ನನ್ನ ಒಲೆ ಹತ್ತೂದಿಲ್ಲ." ಆಮೇಲಾಮೇಲೆ ಅವಳ ದೂರು ಇನ್ನೂ ಚೊಕ್ಕವಾಗಿತ್ತು. ಮಂಗಳವಾರ ಬಂತೆಂದರೆ ಮನೆಗೆ ಗೆಂಡೆಯೂ ಇಲ್ಲ, ಗಂಡನೂ ಇಲ್ಲ.

"ಕಂಟ್ರೋಲರ್ ಸಾಹೇಬ್ರೇ," ಪುಟ್ಟು ಛತ್ರಿಯ ಕೆಳಗಿನಿಂದ ಕೂಗಿದ. "ಇವತ್ತಾದ್ರೂ ನಿಮ್ಮ ಪ್ಲಾಟ್‌ಫಾರ್ಮಿಗೆ ಒಂದು ಗಾಡಿ ಬರ್ತದ್ಯಾ, ಹೆಂಗೆ?"

"ಬರ್ತದೆ, ಬರ್ತದೆ. ಸ್ವಲ್ಪ ಲೇಟು."

"ಲೇಟಾ? ಕ್ಯಾನ್ಸಲ್ ಅಂತ ಹೇಳಿಬಿಡಿ ಮಾರಾಯ್ರೇ! ನಾನು ಬಂದಾಗಿಂದ ಎರಡು ಎತ್ತಿದೆ. ನಿಮ್ಮ ಗೆಜ್ಜೆಗೆ ಮಾತ್ರ ಬಾಯೇ ಬಂದಿಲ್ಲ."

ಪುಟ್ಟು ಅಂಕೋಲೆ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟವನು. ಮೂಗಿನೊಳಗೆ ಏನೋ ಸಿಕ್ಕಿಕೊಂಡವನಂತೆ ಮಾತಾಡುತ್ತಿದ್ದ. ತಾನು ಕೊಟ್ಟ ಉತ್ತರವೂ ಮೂಗಿನಿಂದಲೇ ಹೊರಟಿತ್ತು ಎಂಬುದು ಮಂಗೇಶನಿಗೆ ಹೊರಟ ಮೇಲೆ ತಿಳಿಯಿತು. ಯಾವಾಗಲೂ ಹಾಗೆಯೇ. ಅವನು ಬೇಕೆಂದು ಮಾಡುತ್ತಿರಲಿಲ್ಲ. ಎದುರಿಗಿದ್ದವರು ಆಕಳಿಸಿದರೆ ನಮ್ಮ ಬಾಯಿ ತೆರೆದುಕೊಳ್ಳುವ ಹಾಗೆ ಎದುರಿಗಿದ್ದವರ ಮಾತು ಅವನ ನಾಲಿಗೆಗೆ ಅಂಟುತ್ತಿತ್ತು. ಹುಬ್ಬಳ್ಳಿಯ ಪ್ರಯಾಣಿಕ ಬಂದು "ಬಸ್ ಯಾವಾಗ್ ಬರ್ತದ್ರೀ?" ಎಂದರೆ "ಈಗ ಬರ್ತೈತ್ರೀ, ಕುಂದರ್ರೀ" ಎನ್ನುತ್ತಿದ್ದ. ಕುಂದಾಪುರದವನಿಗೆ ಕುಂದಾಪುರ, ಮಾಜಾಳಿಯಿಂದ ಗೋವೆಗೆ ದಿನಾ ಹೋಗಿಬರುವ ಹುಡುಗರಿಗೆ ಅವರದೇ ಕೊಂಕಣಿ. ಕಾಲೇಜಿನಲ್ಲಿ ಇದಕ್ಕೆ ಬಹುಮಾನ ಕೊಟ್ಟಿದ್ದರು, ಗೆಳೆಯರು ಅವನ ಹೆಸರನ್ನು ಎರಡಾಗಿ ಒಡೆದು ಮಂಗಗಳ ಈಶ ಮಾಡಿದ್ದರು. ಅಂಕೋಲೆ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಆದ ಮೇಲೆ ಅದೇ ವಿದ್ಯೆಗೆ ಎರಡು ಸಲ ಪೆಟ್ಟು ಬೀಳುವುದಿತ್ತು. ತೊದಲುವ ಒಬ್ಬ ಮುದುಕನಿಗೆ ಅವನು ತೊದಲುತ್ತಲೇ ದಾರಿ ಹೇಳಿದಾಗ, ಮುದುಕನ ಮಗ ಕಿಟಕಿಯೊಳಗೆ ಕೈ ಹಾಕಿ ಅವನ ಅಂಗಿ ಹಿಡಿದಿದ್ದ. ಇಡೀ ಸ್ಟ್ಯಾಂಡಿನ ಬಸ್ಸುಗಳನ್ನೆಲ್ಲ ಹಿಡಿತದಲ್ಲಿಟ್ಟ ಮನುಷ್ಯನಿಗೆ ತನ್ನ ಬಾಯೊಳಗಿನ ಆ ತುಂಡು ಮಾಂಸದ ಮೇಲೆ ಯಾವ ಕಂಟ್ರೋಲೂ ಇರಲಿಲ್ಲ. ಇದನ್ನು ನಂಬಿದವನು ಒಬ್ಬನೇ. ಕಾರವಾರದ ಡ್ರೈವರ್ ಅಶೋಕ.

ಟವೆಲು ಅಶೋಕನದು. ಬಸ್ಸು ನಿಲ್ಲುವ ಮೊದಲೇ ಜನ ಕಿಟಕಿಯಿಂದ ಟವೆಲು ಒಗೆದು ಸೀಟು ಹಿಡಿಯುತ್ತಾರಲ್ಲ, ಹಾಗೆ ಅವನು ಹೊಂಡಕ್ಕೆ ಬಂದ ಕೂಡಲೇ ಈ ಚಪ್ಪಟೆ ಕಲ್ಲಿನ ಮೇಲೆ ಟವೆಲು ಒಗೆಯುತ್ತಿದ್ದ, ಸ್ಪರ್ಧೆಗೆ ಇಡೀ ಗುಡ್ಡದಲ್ಲಿ ಒಂದು ದನವೂ ಇರದಿದ್ದರೂ. ಇಬ್ಬರಿಗೂ ಮಂಗಳವಾರ ರಜೆ ಸಿಗುವಂತೆ ಅದಲು ಬದಲು ಮಾಡಿಕೊಂಡು ಎಷ್ಟೋ ವರ್ಷ ಆಗಿತ್ತು. ರಾಡು, ರೀಲು ಎರಡೂ ಅಶೋಕ ಮಡಗಾಂವಿನಿಂದ ತಂದದ್ದು. ಗೆಜ್ಜೆ ಅವನ ಮಗಳು ಚಿಕ್ಕವಳಿದ್ದಾಗ ಕಾಲಿಗೆ ಕಟ್ಟಿದ್ದು. ಹಿಡಿದದ್ದನ್ನು ಅಶೋಕ ಒಯ್ಯುತ್ತಿರಲಿಲ್ಲ. ಗೆಂಡೆಯನ್ನು ಒದ್ದೆ ಕೈಯಲ್ಲಿ ಎತ್ತಿ, ಅದರ ಮೀಸೆ ನೋಡಿ, "ಏನ್ರೀ ಮಾಮಾ, ಆರಾಮ?" ಎಂದು ಕೇಳಿ, ತಲೆ ಮೊದಲು ಮಾಡಿ ನೀರಿಗೆ ಬಿಡುತ್ತಿದ್ದ. ಮಂಗೇಶ ಮೀನಿನ ಪರವಾಗಿ ಉತ್ತರ ಕೊಡಬೇಕು. ಗೆಂಡೆಯ ಧ್ವನಿ ಹೇಗಿರುತ್ತದೆ ಎಂದು ಯಾರಿಗೆ ಗೊತ್ತು, ಆದರೆ ಅವನು ಕೊಟ್ಟ ಧ್ವನಿ ಕೇಳಿ ಅಶೋಕ ಹೊಟ್ಟೆ ಹಿಡಿದುಕೊಂಡು ಕಲ್ಲಿನಿಂದ ಕೆಳಗೆ ಜಾರುತ್ತಿದ್ದ. ಬಸ್ಸು ಬಿಡುವಾಗ ಮೈಕಿನಲ್ಲಿ ಅಶೋಕನದೇ ಗೊಗ್ಗರು ಧ್ವನಿಯಲ್ಲಿ "ಕಾರವಾರ, ಕಾರವಾರ, ಡ್ರೈವರ್ ಚಾ ಕುಡಿದು ಮುಗಿಸಿದ್ದಾರೆ" ಎಂದು ಕೂಗಿದರೂ ಅವನು ಹಾಗೆಯೇ ನಗುತ್ತಿದ್ದ. ತನ್ನ ಧ್ವನಿ ಇನ್ನೊಬ್ಬನ ಬಾಯಲ್ಲಿ ಕೇಳಿ ಖುಷಿಪಡುವವರು ಕಡಿಮೆ. ಅವನು ಪಟ್ಟಿದ್ದ.

ಗಾಳ ಕಟ್ಟುವುದು ಮಾತ್ರ ಅಶೋಕನ ಕೈ. ಮಂಗೇಶ ಕಟ್ಟಿದ ಗಂಟು ಒಮ್ಮೆ ದೊಡ್ಡ ಗೆಂಡೆಯೊಂದನ್ನು ದಂಡೆಯ ಹತ್ತಿರ ತಂದು, ಕೈಬಲೆ ಒಡ್ಡುವ ಹೊತ್ತಿಗೆ, ನಮಸ್ಕಾರ ಹೇಳಿ ಬಿಚ್ಚಿಕೊಂಡಿತ್ತು. "ನಿನ್ನ ಗಂಟು ನಿನ್ನ ನಾಲಿಗೆ ಹಾಂಗೇ ಉಂಟು," ಅಶೋಕ ಅಂದಿದ್ದ. "ಯಾರ ಕಡೆ ಎಳೆದ್ರೂ ಆ ಕಡೆ ಜಾರ್ತದೆ." ಅಲ್ಲಿಂದ ಮುಂದೆ ಅವನೇ ಕಟ್ಟುತ್ತಿದ್ದ. ದಾರವನ್ನು ಗಾಳದ ಕಣ್ಣಿಗೆ ಪೋಣಿಸಿ, ಅದರ ಮೇಲೇ ಅದನ್ನು ಸುತ್ತಿ, ಬಾಯಲ್ಲಿ ಹಾಕಿ ಉಗುಳಿನಲ್ಲಿ ನೆನೆಸಿ, ಮೆಲ್ಲಗೆ ಎಳೆದು, ಉಳಿದ ತುದಿಯನ್ನು ಬಲಗಡೆಯ ದವಡೆಗೆ ಕೊಟ್ಟು ಕಟ್ ಎಂದು ಕಡಿಯುವುದು. ಕತ್ತರಿ ಇದ್ದರೂ ಹಲ್ಲೇ. ಹೋದ ಗಣಪತಿ ಹಬ್ಬದ ಹಿಂದಿನ ಮಂಗಳವಾರ ಅವನು ಹಾಗೆ ಹೊಸ ಗಾಳ ಕಟ್ಟಿ ಮುಗಿಸುವುದಕ್ಕೂ ಮಳೆ ಸುರಿಯುವುದಕ್ಕೂ ಸರಿಹೋಗಿ, ಗಾಳ ನೀರು ಕಾಣದೆ ಇಬ್ಬರೂ ಓಡಿದ್ದರು. ತುಂಬಿದ ಬಸ್ಸಿನಲ್ಲಿ ಉದ್ದನೆಯ ರಾಡು ಯಾರ ಕಣ್ಣಿಗೆ ಚುಚ್ಚುತ್ತದೋ ಎಂದು ಅಶೋಕ ಅದನ್ನು ಮಂಗೇಶನ ಮನೆಯಲ್ಲೇ ಬಿಟ್ಟುಹೋದ. ಟವೆಲನ್ನೂ ಹೀರಾ ಒಣಗಲು ಹಾಕಿದ್ದಳು. ಹಬ್ಬದ ಮರುದಿನ ಬೆಳಿಗ್ಗೆ ಬಚ್ಚಲಿಗೆ ಹೋದ ಅಶೋಕ ಬಚ್ಚಲಲ್ಲೇ ಬಿದ್ದ. ಲಕ್ವಾ. ಬಲಗೈ, ಬಲಗಾಲು, ಬಲಗಡೆಯ ಮೋರೆ, ಮಾತು.

ಆ ಕೈ ಕಟ್ಟಿದ ಕಡೆಯ ಗಂಟು ಈಗ ಹೊಂಡದ ತಳದಲ್ಲಿ ಕೆಸರಿನ ಮೇಲೆ ಮಲಗಿತ್ತು. ಎರೆ ಹಾಕಿದರೆ ಮೀನು ಬರುತ್ತದೆ, ಮೀನು ಬಂದರೆ ಎಳೆಯುತ್ತದೆ, ಎಳೆದರೆ ಗಂಟು ಹೋಗುತ್ತದೆ ಅಥವಾ ಸವೆಯುತ್ತದೆ. ಹಾಗೆಂದು ರಾಡನ್ನು ಅಟ್ಟದ ಮೇಲಿಟ್ಟು ಬಿಡಲೂ ಅವನಿಂದ ಆಗಲಿಲ್ಲ. ಅಟ್ಟದ ಮೇಲಿಟ್ಟರೆ ಅಶೋಕ ಬರುವುದಿಲ್ಲ ಎಂದು ಒಪ್ಪಿದ ಹಾಗೆ. ಹೀಗೆ, ಟವೆಲು ಹಾಸಿ, ಎರೆ ಹಾಕದೆ, ಗಾಳ ಬಿಟ್ಟು ಕೂತರೆ, ಬಸ್ಸು ಹೊರಡುವ ಮೊದಲು ಪಕ್ಕದವನು ಚಾ ಕುಡಿಯಲು ಇಳಿದಿದ್ದಾನೆ, ಈಗ ಬರುತ್ತಾನೆ ಎನ್ನುವಷ್ಟು ಹತ್ತಿರದಲ್ಲಿ ಅವನು ಇರುತ್ತಿದ್ದ.

ನೋಡಲು ಹೋಗಿರಲಿಲ್ಲವೆಂದಲ್ಲ. ಒಮ್ಮೆ ಹೋಗಿದ್ದ. ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ, ಕಾರವಾರದ ಕೋಡಿಬಾಗದ ಆ ಮನೆಯ ಮುಂದಿನ ಕೋಣೆಗೆ. ಅಶೋಕನ ಹೆಂಡತಿ ನೀತಾ ವೈನಿ ಚಾ ಮಾಡಿ ತರುತ್ತಿದ್ದಳು. ಮಂಚದ ಮೇಲೆ ದಿಂಬಿಗೆ ಒರಗಿದ್ದ ಅಶೋಕ ಅವನನ್ನು ಕಂಡು ಬಾಯಿ ತೆರೆದ. ತೆರೆದ ಬಾಯಿ ಒಂದು ಬದಿಗೆ ಜಾರಿತು. "ಬಂಯಾ, ಮಂಯೇಶ?" ಆ ಎರಡು ಮಾತಿಗೆ ಅವನ ಕುತ್ತಿಗೆಯ ನರಗಳೆಲ್ಲ ಎದ್ದು ನಿಂತಿದ್ದವು. ಬಂದೆ ಮಾರಾಯಾ ಎಂದು ಹೇಳಲು ಮಂಗೇಶ ಎದೆ ತುಂಬ ಉಸಿರು ತೆಗೆದುಕೊಂಡ, ಮತ್ತು ಅವನ ಬಾಯಿಂದ, ಅದೇ ಓರೆಯಲ್ಲಿ, ಅದೇ ಜೊಲ್ಲಿನ ತೂಕದಲ್ಲಿ, ಚಾಚೂ ತಪ್ಪದೆ ಹೊರಬಿತ್ತು: "ಬಂಯೆ ಮಾಯಾಯಾ."

ಚಾ ಹಿಡಿದು ಬಂದ ನೀತಾ ಬಾಗಿಲಲ್ಲೇ ನಿಂತಳು. "ಭಾವಜಿ," ಅಂದಳು ಅವಳು, ಕೂಗಲಿಲ್ಲ, ಕೂಗಿದ್ದರೆ ಒಳ್ಳೆಯದಿತ್ತು, "ಇವರನ್ನೂ ಬಿಡೂದಿಲ್ವಾ ನೀವು?" ಮಂಗೇಶ ಅಶೋಕನ ಮೋರೆ ನೋಡಿದ. ಎಡಗಡೆಯ ತುಟಿಯ ತುದಿ ಮೇಲೆ ಎದ್ದಿತ್ತು. ಅದು ನಗುವೋ, ಅಳುವಿನ ಮೊದಲ ಭಾಗವೋ, ಬಲಗಡೆ ಸತ್ತ ಮೋರೆ ಯಾವಾಗಲೂ ಹಾಗೇ ಕಾಣುವುದೋ, ಅವನಿಗೆ ತಿಳಿಯಲಿಲ್ಲ. ಅರ್ಧ ಮೋರೆ ಓದಲು ಅವನಿಗೆ ಯಾರೂ ಕಲಿಸಿರಲಿಲ್ಲ. ತಿಳಿಯುವ ತನಕ ನಿಲ್ಲುವ ಧೈರ್ಯವೂ ಆಗಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದ, ದಿನಕ್ಕೆ ಅಷ್ಟು ಬಸ್ಸುಗಳ ಹೊತ್ತು ಬಾಯಿಪಾಠ ಇದ್ದವನು, ಆ ಗಂಟೆಗೆ ಅಂಕೋಲೆಗೆ ಯಾವ ಬಸ್ಸೂ ಇಲ್ಲವೆಂದು ಗೊತ್ತಿದ್ದವನು. ಚಾ ಅಲ್ಲೇ ಉಳಿಯಿತು. ಆಮೇಲೆ ದಿನವೂ ಅವನು ಮೈಕಿನಲ್ಲಿ ಕೂಗುತ್ತಿದ್ದ, "ಕಾರವಾರ, ಕಾರವಾರ, ಅವರ್ಸಾ, ಅಮದಳ್ಳಿ, ಅರ್ಗಾ, ಬಿಣಗಾ, ಕಾರವಾರ ಹೋಗುವವರು ಕೂಡಲೇ ಹತ್ತಿಕೊಳ್ಳಬೇಕು." ಆಧಾರ್ ಕಾರ್ಡು ಹಿಡಿದ ಹೆಂಗಸರು, ಬುಟ್ಟಿ ಹೊತ್ತವರು, ಕೋರ್ಟಿಗೆ ಹೋಗುವವರು, ಎಲ್ಲರೂ ಅವನ ಮಾತು ಕೇಳಿ ಓಡಿಬಂದು ಹತ್ತುತ್ತಿದ್ದರು. ಕೂಗಿದವನು ಮಾತ್ರ ಕಂಟ್ರೋಲರನ ಬಾಕ್ಸಿನೊಳಗೆ ಕೂತಿರುತ್ತಿದ್ದ.

ಕಿಸೆಯಲ್ಲಿ ಫೋನು ನಡುಗಿತು. ಹೀರಾ. ಹೊಂಡದ ಕೆಳಗೆ ಮಾತು ತುಂಡಾಗುತ್ತಿತ್ತು, ಅವನು ಮೆಟ್ಟಿಲು ಹತ್ತಿ ಮೇಲೆ ಗೇರುಮರದ ಹತ್ತಿರ ಹೋದ.

"ನೀತಾ ಫೋನ್ ಮಾಡಿದ್ದಳು," ಹೀರಾ ಅಂದಳು. "ನಾಳೆ ಮಗಳು ಕಾರು ತಕ್ಕೊಂಡು ಬರ್ತಾಳಂತೆ. ಇಬ್ಬರನ್ನೂ ಮಡಗಾಂವಿಗೆ ಕರ್ಕೊಂಡು ಹೋಗ್ತಾಳಂತೆ. ಇನ್ನು ಅಲ್ಲೇ. ಇಲ್ಲಿ ಮನೆ ಬಾಡಿಗೆಗೆ ಕೊಡ್ತಾರಂತೆ."

"ನಾಳೆಯಾ?"

"ನಾಳೆ ಬೆಳಿಗ್ಗೆ."

ಮಂಗೇಶ ಗೇರುಮರದ ತೊಗಟೆಯ ಅಂಟನ್ನು ಉಗುರಿನಿಂದ ಕೆರೆದ. "ನನ್ನ ಬಗ್ಗೆ ಏನಾದ್ರೂ ಹೇಳಿದ್ರಾ?"

ಆಚೆ ಕಡೆ ಒಗ್ಗರಣೆ ಸಿಡಿಯುವ ಸದ್ದು. "ಹೆಸರೂ ಎತ್ತಲಿಲ್ಲ," ಹೀರಾ ಅಂದಳು, ಆಮೇಲೆ ಅವಳ ಧ್ವನಿ ಸ್ವಲ್ಪ ಮೆತ್ತಗಾಯಿತು. "ಎತ್ತದೇ ಇರೂದಕ್ಕೇ ಫೋನ್ ಮಾಡಿದ್ದು ಅಂತ ಕಾಣ್ತದೆ. ಹೋಗಿ ಬನ್ನಿ ಒಮ್ಮೆ."

"ಹೋಗಿ ಎಂಥ ಮಾತಾಡೂದು, ಹೀರಾ?"

"ಮಾತಾಡೂದೇ ಬೇಡ. ಬಾಯಿ ಮುಚ್ಕೊಂಡು ಕೂತು ಬನ್ನಿ. ಹೊಂಡದ ಹತ್ರ ದಿನವಿಡೀ ಹಾಂಗೇ ಕೂರೂದಿಲ್ವಾ?"

ಅವನು ಮರದ ಕೆಳಗೇ ಉಳಿದ. ನಾಳೆ ಬೆಳಿಗ್ಗೆ ಅವನ ಡ್ಯೂಟಿ. ಬಾಕ್ಸಿನೊಳಗೆ ಕೂತು ಅವನು ಕಾರವಾರ ಕಾರವಾರ ಎಂದು ಕೂಗುತ್ತಿರುವಾಗ ಅಶೋಕ ಕಾಳಿ ನದಿಯ ಸೇತುವೆ ದಾಟಿ ಆಚೆ ಹೋಗಿರುತ್ತಾನೆ. ಡ್ರೈವರನನ್ನು ಯಾರೋ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋಗಿರುತ್ತಾರೆ. ಮೆಟ್ಟಿಲು ಇಳಿಯುವಾಗ ಅವನ ಕಣ್ಣಿಗೆ ಹೊಂಡದ ನೀರು ಸರಿಯಾಗಿ ಕಾಣಲಿಲ್ಲ. ಪುಟ್ಟು ಈ ಕಡೆಯಿಂದ ಅವಸರದಲ್ಲಿ ತನ್ನ ಜಾಗಕ್ಕೆ ಹೋಗಿ ಕೂರುತ್ತಿದ್ದುದು ಮಾತ್ರ ಕಂಡಿತು, ಮೋಸಂಬಿ ಕದ್ದ ಹುಡುಗನ ನಡಿಗೆಯಲ್ಲಿ. ಮಂಗೇಶ ಟವೆಲಿನ ಪಕ್ಕ ಕೂತು ಇನ್ನೂ ಸರಿಯಾಗಿ ಉಸಿರು ಬಿಟ್ಟಿರಲಿಲ್ಲ, ಗೆಜ್ಜೆ ಒಮ್ಮೆ ಸಣ್ಣಗೆ ನುಡಿಯಿತು. ಗಾಳಿ, ಎಂದುಕೊಂಡ. ಎರಡನೆಯ ಸಲ ರಾಡಿನ ತುದಿಯೇ ಬಾಗಿತು. ಮೂರನೆಯ ಸಲ ರಾಡು ಕವಲುಕೋಲಿನಿಂದ ಹಾರಿ ನೀರಿನ ಕಡೆ ಹೊರಟಿತ್ತು, ಅವನ ಎರಡೂ ಕೈ ಅದರ ಮೇಲೆ ಬಿದ್ದವು, ರೀಲು ಕಿರ್ರೆಂದು ಕಿರುಚಿಕೊಂಡಿತು.

"ಬಂತು, ಬಂತು! ಗಾಡಿ ಬಂತು!" ಪುಟ್ಟು ಕುಣಿಯುತ್ತ ಓಡಿಬಂದ.

"ಎರೆ ಇಲ್ಲ! ಎರೇನೇ ಇಲ್ಲ ಅದಕ್ಕೆ!"

"ಎಲ್ಲಿಂದ ಇರ್ತದೆ? ಸಣ್ಣ ಮೀನು ನೆಕ್ಕಿ ಹೋಗಿತ್ತು. ನೀವು ಮೇಲೆ ಹೋದಾಗ ಎಳೆದು ನೋಡಿದೆ, ಬೋಳು ಗಾಳ! ನಂದೇ ಉಂಡೆ ಹಚ್ಚಿ ಬಿಟ್ಟೆ. ತೌಡು, ಶೇಂಗಾ ಹಿಂಡಿ, ಬೆಲ್ಲ, ಮೇಲೆ ಎರಡು ಹನಿ ವೆನಿಲಾ. ನಮ್ಮ ಅಂಗಡಿದು!"

ಬೈಯಲು ಬಾಯಿ ಬಿಡುವಾಗಲೇ ಮೀನು ಎಡಕ್ಕೆ ಓಡಿತು. ದಾರ ನೀರನ್ನು ಸೀಳಿಕೊಂಡು ಹೋಯಿತು. ಬಿಟ್ಟುಬಿಡಲೇ ಎಂದು ಅವನು ಯೋಚಿಸಿದ, ಬಿಡುವುದು ಹೇಗೆ, ಬಿಟ್ಟರೆ ರಾಡೇ ಹೋಗುತ್ತದೆ. ಜಗ್ಗಿದರೆ ಗಂಟು ಹೋಗುತ್ತದೆ. ಹಗೂರ, ಹಗೂರ, ತಿರುವಿನಲ್ಲಿ ಗಾಡಿ ಓಡಿಸಿದ ಹಾಗೆ, ಎಂದು ಅಶೋಕನ ಗೊಗ್ಗರು ಧ್ವನಿ ಹೇಳಿತು. ಹೇಳಿದ್ದು ತನ್ನದೇ ಬಾಯಿ ಎಂದು ಅವನಿಗೆ ಗೊತ್ತಾದದ್ದು ಪುಟ್ಟು ತಿರುಗಿ ನೋಡಿದಾಗ. ಅದು ಅಶೋಕನ ಮೊದಲಿನ ಧ್ವನಿ, ಸರಿಯಿದ್ದ ಧ್ವನಿ. ಗಣಪತಿ ಹಬ್ಬದಿಂದ ಈಚೆ ಜಗತ್ತಿನಲ್ಲಿ ಎಲ್ಲೂ ಇರದಿದ್ದ ಧ್ವನಿ.  ಕಲ್ಲಿನ ಮೇಲೆ ಮೊಳಕಾಲೂರಿ ಅವನು ದಾರ ಬಿಟ್ಟ, ಸುತ್ತಿದ, ಬಿಟ್ಟ. ಮೀನು ಹೊಂಡದ ಮೂಲೆ ಮೂಲೆ ತಿರುಗಿ, ಕಡೆಗೆ ದಣಿದು ಮಗ್ಗುಲಾಗಿ ತೇಲಿಬಂತು. ಪುಟ್ಟು ಕೈಬಲೆ ಒಡ್ಡಿದ.

ಗೆಂಡೆ. ಕಂಚಿನ ಬಣ್ಣದ್ದು, ಪುಟ್ಟುವಿನ ತೊಡೆಯಷ್ಟು ದಪ್ಪ. ಒದ್ದೆ ಟವೆಲಿನ ಮೇಲೆ ಅದು ಮಲಗಿತ್ತು. ಮುಂದೆ ಚಾಚಿದ ದುಂಡು ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು. ಗಾಳವನ್ನು ಅದು ಪೂರ್ತಿ ನುಂಗಿತ್ತು. ಗಂಟಲ ಕತ್ತಲೆಯಲ್ಲಿ ಗಾಳದ ಕಣ್ಣು, ಅದರ ಮೇಲೆ ಅಶೋಕನ ಗಂಟು, ಒಂದು ಸುತ್ತೂ ಸಡಿಲವಾಗದೆ, ಸಣ್ಣಗೆ ಹೊಳೆಯುತ್ತಿತ್ತು.

"ಹೊಟ್ಟೆ ಸೀಳದೆ ಗಾಳ ಬರೂದಿಲ್ಲ ಇದು," ಪುಟ್ಟು ಕೈ ತಿಕ್ಕಿಕೊಂಡ. "ಚಲೋ ಆಯ್ತು. ಎರೆ ನಂದು, ಗಾಳ ನಿಮ್ಮದು. ತಲೆ ಭಾಗ ನಂಗೆ, ಬಾಲ ನಿಮಗೆ. ಮನೇಲಿ ಸೇರಿಸೂದಿಲ್ಲಾಂದ್ರೆ ಅದೂ ನಂಗೇ. ಏ, ಏ ಸಾಹೇಬ್ರೇ, ಏನಾಯ್ತು ನಿಮಗೆ? ಬಾಯಿ ಯಾಕೆ ಹಾಂಗೆ ಮಾಡ್ತೀರಿ?"

ಮಂಗೇಶನ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ತುಟಿಗಳು ದುಂಡಗೆ ಮುಂದೆ ಬಂದಿದ್ದವು. ಮೀನಿನ ಬಾಯಿ ನಿಂತಾಗ ನಿಂತವು, ಅದು ತೆರೆದಾಗ ತೆರೆದವು. ಅವನಿಗೆ ಉಸಿರು ಕಟ್ಟುತ್ತಿತ್ತು. ತಾನು ಈ ಮೀನನ್ನು ಅಣಕಿಸುತ್ತಿದ್ದೇನೆ ಎಂದು ಜಗತ್ತಿನಲ್ಲಿ ಯಾರಾದರೂ ಹೇಳಿಯಾರೇ ಎಂದು ಅವನು ಆ ಉಸಿರುಗಟ್ಟುವಿಕೆಯಲ್ಲೇ, ಬಹಳ ಸ್ಪಷ್ಟವಾಗಿ, ಕೇಳಿಕೊಂಡ. ಸಾಯುತ್ತಿರುವ ಪ್ರಾಣಿಯ ಜೊತೆ ಬಾಯಿ ತೆರೆಯುವವನು ತಮಾಷೆ ಮಾಡುತ್ತಿದ್ದಾನೆ ಎಂದು? ಇಷ್ಟು ವರ್ಷ ತನ್ನ ನಾಲಿಗೆ ಮಾಡಿದ್ದೂ ಇದನ್ನೇ ಇರಬಹುದು. ಇರದಿರಲೂಬಹುದು, ಬಹುಮಾನ ತೆಗೆದುಕೊಂಡಾಗ ಖುಷಿಯಾದದ್ದು ಸುಳ್ಳಲ್ಲ. ಆದರೆ ಆ ಕೋಣೆಯಲ್ಲಿ, ಆ ಮಂಚದ ಎದುರು, ಅದು ತಮಾಷೆಯಾಗಿರಲಿಲ್ಲ. ಅದನ್ನು ನೀತಾಳಿಗೆ ಹೇಳಲು ಅವನಿಗೆ ಆಗ ಮಾತಿರಲಿಲ್ಲ, ಇದ್ದ ಮಾತೆಲ್ಲ ಅಶೋಕನದಾಗಿತ್ತು.

ಅವನು ಬಗ್ಗಿ, ದಾರವನ್ನು ಮೀನಿನ ತುಟಿಯ ಒಳಗೆ ಎಷ್ಟು ಆಗುತ್ತದೋ ಅಷ್ಟು ಹತ್ತಿರ ಬೆರಳಲ್ಲಿ ಹಿಡಿದು, ತನ್ನ ಬಲಗಡೆಯ ದವಡೆಗೆ ಕೊಟ್ಟ. ಮೀನಿನ ಮೀಸೆ ಅವನ ಕೆನ್ನೆಗೆ ತಾಗಿತು. ಮೊದಲ ಸಲ ಕಡಿಯಲಿಲ್ಲ. ಎರಡನೆಯ ಸಲ ಕಟ್ ಎಂದಿತು.

"ಅಯ್ಯೋ! ಬಿಡಬೇಡಿ, ಬಿಡಬೇಡಿ!"

ಗೆಂಡೆಯನ್ನು ಟವೆಲಿನ ಸಮೇತ ಎತ್ತಿ ಅವನು ನೀರಿಗೆ ಇಳಿದಿದ್ದ. ತಲೆ ಮೊದಲು ಮಾಡಿ ಹಿಡಿದ. ಏನ್ರೀ ಮಾಮಾ, ಆರಾಮ? ಎಂದು ಕೇಳುವವನು ಕಾರವಾರದಲ್ಲಿದ್ದ. ಮೀನು ಅವನ ಅಂಗೈಯಲ್ಲಿ ಸ್ವಲ್ಪ ಹೊತ್ತು ನಿಂತು, ಬಾಲ ಒಮ್ಮೆ ಆಡಿಸಿ, ಅಶೋಕನ ಕಡೆಯ ಗಂಟನ್ನು ಗಂಟಲಲ್ಲಿ ಇಟ್ಟುಕೊಂಡು ಹಸಿರಿನೊಳಗೆ ಹೋಯಿತು. ತುಂಡು ದಾರ ರಾಡಿನಿಂದ ಜೋತಾಡುತ್ತಿತ್ತು.

"ಹಿಡಿದ ಮೀನು ಬಿಟ್ಟು, ಗಾಳ ಬೇರೆ ಕೊಟ್ಟು ಕಳಿಸಿದ್ರಲ್ಲ," ಪುಟ್ಟುವಿಗೆ ಅಳು ಬರುವಷ್ಟಾಗಿತ್ತು. "ಮದುವೆ ಮನೇಲಿ ಉಡುಗೊರೆ ಕೊಟ್ಟ ಹಾಂಗೆ. ಎಲ್ಲಿಗೆ ಹೊರಟ್ರಿ ಈಗ? ಒದ್ದೆ ಪ್ಯಾಂಟಲ್ಲಿ?"

"ಕಾರವಾರ," ಎಂದ ಮಂಗೇಶ. ಒಂದೇ ಸಲ. ಸ್ಟ್ಯಾಂಡಿನಲ್ಲಿ ಅದನ್ನು ಎರಡೆರಡು ಸಲ ಹೇಳಿ ಅಭ್ಯಾಸ.

ಹೈವೇಯಲ್ಲಿ ಕೈ ತೋರಿಸಿದ ಬಸ್ಸಿನ ಕಂಡಕ್ಟರು ಬಾಗಿಲಲ್ಲೇ ನಕ್ಕ. "ಓಹೋ, ಕಂಟ್ರೋಲರ್ ಸಾಹೇಬ್ರೇ ಹತ್ತಿದ್ರಪ್ಪ! ಅದೆಂಥ ಕೋಲು, ಗಾಡಿಗೆ ಏರಿಯಲ್ ಹಚ್ಚಲಿಕ್ಕಾ?" ಕಿಟಕಿಯ ಪಕ್ಕ ಕೂತು, ರಾಡನ್ನು ಮೊಳಕಾಲ ನಡುವೆ ನಿಲ್ಲಿಸಿಕೊಂಡ. ಮೀನಿನ ವಾಸನೆಯ ಒದ್ದೆ ಟವೆಲನ್ನು 'ಯಾರೋ ಬರುತ್ತಾರೆ' ಎಂಬಂತೆ ಪಕ್ಕದ ಸೀಟಿನ ಮೇಲೆ ಹಾಸಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಅಮದಳ್ಳಿಯಲ್ಲಿ ಹತ್ತಿದ ಹೆಂಗಸೊಬ್ಬಳು ನಿಂತು ಕೇಳಿದಳು, "ಇಲ್ಲಿ ಜನ ಅವರೆ?" ಅವನು ಟವೆಲು ನೋಡಿದ. "ಅವರೆ," ಎಂದ, ಅವಳದೇ ರಾಗದಲ್ಲಿ, ಆಮೇಲೆ ಟವೆಲು ಎತ್ತಿ ಮಡಿಲಲ್ಲಿ ಇಟ್ಟುಕೊಂಡ. "ಕೂತ್ಕಳಿ. ಅವರು ಮುಂದೆ ಸಿಗ್ತರು." ಅರ್ಗಾದ ನೌಕಾನೆಲೆಯ ಉದ್ದನೆಯ ಗೋಡೆ ಓಡಿತು. ಅಶೋಕ ಈ ಗೋಡೆಯ ಪಕ್ಕ ಬಂದಾಗಲೆಲ್ಲ ಹಾರ್ನು ಒಂದು ಸಲ ಸುಮ್ಮನೆ ಒತ್ತುತ್ತಿದ್ದ, ಒಳಗಿದ್ದ ಹಡಗುಗಳಿಗೆ ಸಲಾಮು. ಈ ಡ್ರೈವರು ಒತ್ತಲಿಲ್ಲ. ಸುರಂಗದ ಕತ್ತಲೆಯಲ್ಲಿ ಬಸ್ಸಿನ ಸದ್ದು ದೊಡ್ಡದಾಗಿ, ಅದರ ನಡುವೆ ಅವನು ನಿಶ್ಚಯ ಮಾಡಿದ: ಮೈಕಿನ ಧ್ವನಿ. ಪ್ರಯಾಣಿಕರ ಗಮನಕ್ಕೆ ಎನ್ನುವಾಗ ಬರುವ ಆ ಧ್ವನಿ ಯಾರದೂ ಅಲ್ಲ, ಅದರಲ್ಲಿ ಮಾತಾಡಿದರೆ ಯಾರಿಗೂ ನೋವಾಗುವುದಿಲ್ಲ.

ಬಾಗಿಲು ತೆರೆದ ನೀತಾ ಅವನ ಒದ್ದೆ ಪ್ಯಾಂಟು, ರಾಡು, ಟವೆಲು ನೋಡಿದಳು. ಅವಳ ಹಿಂದೆ ಕಟ್ಟಿದ ಪೆಟ್ಟಿಗೆಗಳು. "ನಾಳೆ ಹೋಗ್ತೇವೆ, ಭಾವಜಿ," ಅಂದಳು, ಅಷ್ಟೇ.

"ವಿಷಯ ತಿಳಿದುಬಂದಿದೆ," ಎಂದ ಮಂಗೇಶ ಮೈಕಿನ ಧ್ವನಿಯಲ್ಲಿ. ನೀತಾಳ ಹುಬ್ಬು ಗಂಟಾಯಿತು. ಅವಳು ದಾರಿ ಬಿಟ್ಟು ಒಳಗೆ ಹೋದಳು, ಚಾಕ್ಕೋ, ಅಳಲಿಕ್ಕೋ.

ಅಶೋಕ ಕುರ್ಚಿಯಲ್ಲಿದ್ದ. ಬೋಳಾಗಿ ಕೂದಲು ತೆಗೆಸಿದ್ದರು, ಶರಟಿನ ಗುಂಡಿ ಯಾರೋ ಹಾಕಿದ್ದು ಗೊತ್ತಾಗುತ್ತಿತ್ತು. ಮಂಗೇಶ ಎದುರಿಗೆ ಸ್ಟೂಲು ಎಳೆದುಕೊಂಡ, ರಾಡನ್ನು ಗೋಡೆಗೆ ಒರಗಿಸಿ, ತುಂಡಾದ ದಾರವನ್ನು ಎಳೆದು ತಂದು ಅವನ ತೊಡೆಯ ಮೇಲಿಟ್ಟ. ಕಿಸೆಯಲ್ಲಿದ್ದ ಗಾಳಗಳ ಡಬ್ಬಿಯಿಂದ ಹೊಸದೊಂದನ್ನು ತೆಗೆದು ಪಕ್ಕದಲ್ಲಿಟ್ಟ. ಅಶೋಕ ದಾರದ ತುದಿಯನ್ನು ಎಡಗೈಯಲ್ಲಿ ಎತ್ತಿ ಕಣ್ಣಿನ ಹತ್ತಿರ ಹಿಡಿದ. ಹಲ್ಲಿನಿಂದ ಕಡಿದ ತುದಿ. ಹೆಬ್ಬೆರಳಿನಿಂದ ಅದನ್ನು ಸವರಿದ. ಆಮೇಲೆ ಎಡಗಡೆಯ ಹುಬ್ಬು ಮೇಲೆದ್ದಿತು: ಯಾರ ಹಲ್ಲು?

ಮಂಗೇಶ ತನ್ನ ಎದೆ ಮುಟ್ಟಿಕೊಂಡ.

ಅಶೋಕ ಎಡಗೈಯಲ್ಲಿ ಗಾಳ ಹಿಡಿದ. ಹಿಡಿದು ಕಾದ. ಯಾಕೆ ಕಾಯುತ್ತಿದ್ದಾನೆಂದು ಮಂಗೇಶನಿಗೆ ಒಂದು ಕ್ಷಣ ತಿಳಿಯಲಿಲ್ಲ, ಆಮೇಲೆ ತನ್ನ ಬಲಗೈ ತಾನಾಗಿ ಮುಂದೆ ಹೋಯಿತು. ಪೋಣಿಸಿದ. ಸುತ್ತಿದ. ತಪ್ಪಾಯಿತು, ಅಶೋಕ ಗಾಳವನ್ನು ಅಲುಗಿಸಿ ತಲೆ ಆಡಿಸಿದ. ಬಿಚ್ಚಿ ಮತ್ತೆ ಸುತ್ತಿದ. ಈ ಸಲ ಅಶೋಕ ಸುಮ್ಮನಿದ್ದ. ಒಂದು ಬಲಗೈ, ಒಂದು ಎಡಗೈ, ಇಬ್ಬರ ತಲೆಯೂ ಒಂದಕ್ಕೊಂದು ತಾಗುವಷ್ಟು ಹತ್ತಿರ. ಅಶೋಕ ಗಂಟನ್ನು ಬಾಯಿಗೆ ಒಯ್ದು ನೆನೆಸಿದ, ಅದಕ್ಕೆ ಈಗ ಉಗುಳು ಬೇಕಾದಷ್ಟಿತ್ತು. ಇಬ್ಬರೂ ಎರಡು ಕಡೆ ಮೆಲ್ಲಗೆ ಎಳೆದರು. ಉಳಿದ ತುದಿಯನ್ನು ಅಶೋಕ ಬಲದವಡೆಗೆ ಕೊಟ್ಟ, ಕಡಿಯಲಿಲ್ಲ. ನಾಲಿಗೆಯಿಂದ ಅದನ್ನು ತಡಕಾಡಿ ತಡಕಾಡಿ ಎಡಕ್ಕೆ ತಂದ. ಕಟ್.

"ಬಿಟ್ಟೆ ಕಣೋ ಅದನ್ನ," ಎಂದ ಮಂಗೇಶ. ಮೈಕಿನ ಧ್ವನಿ ಎಲ್ಲೋ ಬಿದ್ದುಹೋಗಿತ್ತು. "ನೀನು ಕಟ್ಟಿದ್ದ ಗಂಟು. ಗಟ್ಟಿ ಇತ್ತು, ಬಿಚ್ಚಲಿಲ್ಲ. ದೊಡ್ಡ ಗೆಂಡೆ. ಅಷ್ಟು ದಿನ ಎರೇನೇ ಹಾಕಿರಲಿಲ್ಲ ನಾನು."

ಅಶೋಕ ಅವನನ್ನೇ ನೋಡಿದ. ಕುತ್ತಿಗೆಯ ನರ ಎದ್ದವು. "ಹುಚ್ಚ," ಅಂದ ಸರಿಯಾಗಿ, ಆಮೇಲೆ ಒಂದೊಂದಾಗಿ ಕಲ್ಲು ಎತ್ತಿ ಇಡುವವನಂತೆ, "ಎಯೆ... ಹಾಕು."

ತಡೆಯಬಹುದಿತ್ತು. ನಾಲಿಗೆ ಓರೆಯಾಗಲು ಹೊರಟದ್ದು ಅವನಿಗೆ ಈ ಸಲ ಮೊದಲೇ ತಿಳಿಯಿತು, ಗೆಜ್ಜೆ ಮೊದಲ ಸಲ ಸಣ್ಣಗೆ ನುಡಿದಾಗಲೇ ತಿಳಿಯುವ ಹಾಗೆ. ತಡೆಯಲಿಲ್ಲ.

"ಮುಂಯಿನ ಮಂಯಳವಾಯ ಹಾಕ್ತೆ, ಮಾಯಾಯಾ."

"ಬೆಲ್ಲ... ಜಾಸ್ತಿ ಹಾಕಬೇಯ."

"ಪುಟ್ಟು ವೆನಿಲಾ ಹಾಕ್ತಾನೆ, ಮಾಯಾಯಾ."

"ಥೂ. ಕೇಕ್ ಮಾಯ್ತಾನಾ?"

ಅಶೋಕನ ಎಡತುಟಿಯ ತುದಿ ಎದ್ದು, ಗಂಟಲಲ್ಲಿ ಏನೋ ಗೊರಗೊರ ಎಂದಿತು. ಹೊಟ್ಟೆ ಕುಲುಕಿತು. ಎಡಗೈ ಹೊಟ್ಟೆಯ ಮೇಲೆ ಹೋಗಿ ಅದನ್ನು ಹಿಡಿದುಕೊಂಡಿತು, ಕಲ್ಲಿನಿಂದ ಜಾರುವ ಮೊದಲು ಹಿಡಿದುಕೊಳ್ಳುತ್ತಿದ್ದ ಹಾಗೆ.

ನೀತಾ ಎರಡು ಕಪ್ಪು ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತಳು. ಅವಳ ಕಣ್ಣು ಒಬ್ಬನ ಬಾಯಿಂದ ಇನ್ನೊಬ್ಬನ ಬಾಯಿಗೆ ಹೋಯಿತು. "ಒಳಗಿಂದ ಕೇಳ್ತಾ ಇದ್ದೆ," ಅಂದಳು ಮೆಲ್ಲಗೆ. "ಇಷ್ಟು ಮಾತು ಇವರು ಯಾರ ಹತ್ರಾನೂ ಆಡಿಲ್ಲ. ಯಾವುದು ಇವರು ಆಡಿದ್ದು, ಭಾವಜಿ? ಯಾವುದು ನೀವು?"

ಉತ್ತರ ಕೊಡಲು ಇಬ್ಬರೂ ಬಾಯಿ ತೆರೆದರು. ಅಷ್ಟರಲ್ಲಿ ಫ್ಯಾನಿನ ಗಾಳಿಗೆ, ಗೋಡೆಗೆ ಒರಗಿಸಿದ ರಾಡಿನ ತುದಿಯಲ್ಲಿ ಗೆಜ್ಜೆ ಸಣ್ಣಗೆ ನುಡಿಯಿತು. ಇಬ್ಬರ ಕುತ್ತಿಗೆಯೂ ಒಮ್ಮೆಲೇ ಅತ್ತ ತಿರುಗಿತು.